ನಮ್ಮವರೇ, ಸರಿ. ಕೆಲಸ ಗೊತ್ತುಂಟಾ?

ಕಾಸರಗೋಡಿನ ಕನ್ನಡ ಮತದಾರರಿಗೆ ಒಂದು ಬಹಿರಂಗ ಪತ್ರ

ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಅಣ್ಣಂದಿರೇ, ಅಕ್ಕಂದಿರೇ, ಮತದಾರರ ಪಟ್ಟಿಗೆ ಹೊಸದಾಗಿ ಸೇರಿದ ತಮ್ಮ ತಂಗಿಯರೇ,

ನಮಸ್ಕಾರ.

2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರ 89 ಮತಗಳ ಅಂತರದಲ್ಲಿ ತೀರ್ಮಾನವಾಯಿತು. 2021ರಲ್ಲಿ 745 ಮತಗಳಲ್ಲಿ. ಒಂದೇ ಬೂತಿನ ಸಾಲಿನಲ್ಲಿ ಇಷ್ಟು ಜನ ಸಿಗುತ್ತಾರೆ. ‘ನನ್ನ ಒಂದು ಓಟಿನಿಂದ ಎಂತ ಆಗುತ್ತದೆ’ ಅಂತ ಬೇರೆ ಊರಿನವರು ಹೇಳಬಹುದು. ನಾವು ಹೇಳುವ ಹಾಗಿಲ್ಲ. ಅದಕ್ಕೇ ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರೂ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಕೂತವರನ್ನು ನಾವು ಯಾವ ಲೆಕ್ಕದಲ್ಲಿ ಅಳೆಯುತ್ತೇವೆ ಅನ್ನುವುದರ ಬಗ್ಗೆ ನನಗೆ ಸ್ವಲ್ಪ ಹೇಳಲಿಕ್ಕುಂಟು.

ನಾನು ಪೆರ್ಲದ ಕಡೆಯವ. ಸ್ವಲ್ಪ ಅಡಿಕೆ ತೋಟ ಉಂಟು. ಯಾವ ಪಕ್ಷದ ಸದಸ್ಯನೂ ಅಲ್ಲ, ಹಾಗಂತ ರಾಜಕೀಯ ಬೇಡ ಅನ್ನುವವನೂ ಅಲ್ಲ. ಪತ್ರಿಕೆ ಓದುವುದು, ಹೋಟೆಲಿನಲ್ಲಿ ಕೂತು ವಾದ ಮಾಡುವುದು ಎರಡೂ ಜಾಸ್ತಿಯೇ ಅಂತ ಮನೆಯವರು ಹೇಳುತ್ತಾರೆ.

ಆ ವಾದಗಳಲ್ಲಿ ನಾವು ಅಭ್ಯರ್ಥಿಗಳ ಬಗ್ಗೆ ಹೇಳುವ ಮಾತನ್ನು ಒಮ್ಮೆ ಗಮನಿಸಿ. ‘ಒಳ್ಳೆ ಜನ ಮಾರಾಯ್ರೆ, ಎಲ್ಲಿ ಸಿಕ್ಕಿದರೂ ಮಾತಾಡಿಸುತ್ತಾರೆ.’ ‘ಜಂಬ ಇಲ್ಲ.’ ‘ತುಳು ಚೆನ್ನಾಗಿ ಬರುತ್ತದೆ.’ ‘ಮಗಳ ಮದುವೆಗೆ ಬಂದಿದ್ದರು, ಅಪ್ಪನ ಬೊಜ್ಜಕ್ಕೂ (ಉತ್ತರಕ್ರಿಯೆ) ಬಂದಿದ್ದರು.’ ಇದಿಷ್ಟು ಇದ್ದರೆ ಪಾಸು. ಇನ್ನೊಬ್ಬರ ಬಗ್ಗೆ ಮಾತು ಬಂದರೆ, ‘ಅವರು ಓದಿಕೊಂಡವರೇ, ವಿಷಯ ಗೊತ್ತುಂಟು, ಆದರೆ ಜನರ ಜೊತೆ ಬೆರೆಯುವುದಿಲ್ಲ.’ ಅಲ್ಲಿಗೆ ಆ ಮನುಷ್ಯನ ಕತೆ ಮುಗಿಯಿತು. ವಿಷಯ ಏನು ಗೊತ್ತು, ಆ ತಿಳಿವಳಿಕೆಯಿಂದ ಇದುವರೆಗೆ ಏನು ಮಾಡಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ಇದು ನಮ್ಮ ಊರಿನ ರೋಗ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದಲ್ಲಿ 2000ನೇ ಇಸವಿಯ ಚುನಾವಣೆಯ ಹೊತ್ತಿಗೆ ಒಂದು ಪ್ರಶ್ನೆ ಚಾಲ್ತಿಗೆ ಬಂತು. ಜಾರ್ಜ್ ಬುಷ್, ಅಲ್ ಗೋರ್ ಇಬ್ಬರಲ್ಲಿ ಯಾರ ಜೊತೆ ಕೂತು ಬಿಯರ್ ಕುಡಿಯಲು ನಿಮಗೆ ಇಷ್ಟ? ಜನರ ಉತ್ತರ ಬುಷ್ ಕಡೆಗೆ ವಾಲಿತು. ತಮಾಷೆ ಏನೆಂದರೆ ಬುಷ್ 1986ರಲ್ಲೇ ಕುಡಿತ ಬಿಟ್ಟವರು. ಕುಡಿಯದವನ ಜೊತೆ ಬಿಯರ್ ಕುಡಿಯುವ ಆಸೆಯಿಂದ ಒಂದು ದೇಶ ಅಧ್ಯಕ್ಷನನ್ನು ತೂಗಿ ನೋಡಿತು.

ಇನ್ನೂ ವಿಚಿತ್ರವಾದದ್ದು ಬೇರೆಯೇ ಉಂಟು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ತೊದೊರೊವ್ ಮತ್ತು ಅವರ ಜೊತೆಯವರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೆನೆಟ್ ಚುನಾವಣೆಗೆ ನಿಂತ ಇಬ್ಬಿಬ್ಬರ ಫೋಟೊ ತೋರಿಸಿ, ಇವರಲ್ಲಿ ಯಾರು ಹೆಚ್ಚು ಸಮರ್ಥರ ಹಾಗೆ ಕಾಣುತ್ತಾರೆ ಅಂತ ಕೇಳಿದರು. ಒಂದು ಸೆಕೆಂಡು ಮುಖ ನೋಡಿದ್ದು, ಅಷ್ಟೇ. ಪಕ್ಷ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಹಾಗೆ ಆರಿಸಿದ ಮುಖವೇ ನೂರಕ್ಕೆ ಸುಮಾರು 70 ಸ್ಪರ್ಧೆಗಳಲ್ಲಿ ಗೆದ್ದಿತ್ತು. ಆಮೇಲೆ 2009ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಚಿಕ್ಕ ಮಕ್ಕಳಿಗೆ ಫ್ರಾನ್ಸಿನ ಅಭ್ಯರ್ಥಿಗಳ ಫೋಟೊ ತೋರಿಸಿ, ನಿಮ್ಮ ದೋಣಿಗೆ ಯಾರು ಕಪ್ತಾನ ಆಗಬೇಕು ಅಂತ ಕೇಳಿದರು. ಮಕ್ಕಳು ಆರಿಸಿದವರೇ ಹೆಚ್ಚಿನ ಕಡೆ ಚುನಾವಣೆಯಲ್ಲೂ ಗೆದ್ದಿದ್ದರು.

ಇದನ್ನು ಓದಿದ ಮೇಲೆ ‘ನಾನು ಸಂಬಂಧ ನೋಡುವುದಿಲ್ಲ, ಸಾಮರ್ಥ್ಯ ನೋಡಿಯೇ ಓಟು ಹಾಕುತ್ತೇನೆ’ ಅನ್ನುವವರ ಮೇಲೂ ನನಗೆ ಅಷ್ಟು ನಂಬಿಕೆ ಉಳಿಯಲಿಲ್ಲ. ಇಸ್ತ್ರಿ ಹಾಕಿದ ಅಂಗಿ, ಗಟ್ಟಿ ಗಂಟಲು, ಇಂಗ್ಲಿಷಿನಲ್ಲಿ ನಾಲ್ಕು ಮಾತು, ಇದನ್ನೇ ನಾವು ಸಾಮರ್ಥ್ಯ ಅಂದುಕೊಂಡಿರುತ್ತೇವೆ. ಒಬ್ಬ ನಮ್ಮವನ ಹಾಗೆ ಕಾಣುತ್ತಾನೆ, ಇನ್ನೊಬ್ಬ ಕೆಲಸ ಬಲ್ಲವನ ಹಾಗೆ ಕಾಣುತ್ತಾನೆ. ಎರಡೂ ಕಾಣುವ ಸಂಗತಿಯೇ. ಕೆಲಸವನ್ನು ಮಾತ್ರ ಯಾರೂ ನೋಡಿಲ್ಲ.

ನಾವು ‘ನಮ್ಮವ’ನನ್ನು ಹುಡುಕುವುದಕ್ಕೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. 1956ರ ನವೆಂಬರ್ 1ಕ್ಕೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅಲ್ಲಿಂದ ಮುಂದೆ ನಮ್ಮ ರಾಜಕೀಯಕ್ಕೆ ಇದ್ದದ್ದು ಒಂದೇ ಕೆಲಸ, ಕರ್ನಾಟಕದ ಜೊತೆ ವಿಲೀನ. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಅರುವತ್ತರ ದಶಕದಲ್ಲಿ ವಿಲೀನಕ್ಕಾಗಿ ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಗೆಲ್ಲಿಸಿ ಕಳುಹಿಸಿದೆವು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರು, ಕೊನೆಯವರೆಗೂ ಅದೇ ಮಾತು ಹೇಳಿದರು. 1967ರಲ್ಲಿ ಗಡಿ ವಿವಾದಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗ ಚಂದ್ರಗಿರಿ ನದಿಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಶಿಫಾರಸು ಮಾಡಿತು. ವರದಿ ಅಲ್ಲೇ ಉಳಿಯಿತು.

ಆ ಕಾಲದಲ್ಲಿ ‘ಕನ್ನಡದವನು’ ಅನ್ನುವುದೇ ಅರ್ಹತೆಯಾಗಿತ್ತು, ಯಾಕೆಂದರೆ ಮಾಡಬೇಕಾದ ಕೆಲಸವೂ ಅದೇ. ಈಗ ಕೆಲಸದ ಪಟ್ಟಿ ಬದಲಾಗಿದೆ. ಶಾಲೆಗೆ ಮಾಸ್ಟ್ರು, ಆಸ್ಪತ್ರೆಗೆ ಡಾಕ್ಟ್ರು, ಕನ್ನಡದಲ್ಲಿ ಅರ್ಜಿ ಫಾರಂ, ತೋಟಕ್ಕೆ ಪರಿಹಾರ. ಅರ್ಹತೆಯನ್ನು ಮಾತ್ರ ನಾವು ಹಳೆಯ ಪಟ್ಟಿಯಲ್ಲೇ ನೋಡುತ್ತಿದ್ದೇವೆ. ಅಭ್ಯರ್ಥಿಗಳಿಗೂ ಇದು ಗೊತ್ತು. ತೆಂಕಿನಿಂದ ಬಂದ ನಾಯಕರು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಮೈಕ್ ಹಿಡಿದು ‘ಎಲ್ಲರಿಗೂ ನನ್ನ ನಮಸ್ಕಾರ’ ಅಂದರೆ ಸಾಕು, ಚಪ್ಪಾಳೆ. ಉಳಿದ ಭಾಷಣ ಮಲಯಾಳದಲ್ಲಿ ಏನು ಹೇಳಿತು ಅಂತ ಮನೆಗೆ ಹೋದ ಮೇಲೆ ಯಾರಿಗೂ ನೆನಪಿರುವುದಿಲ್ಲ.

2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಲಯಾಳದ ಸದನದಲ್ಲಿ ನಮ್ಮ ಭಾಷೆ ಕೇಳಿದಾಗ ಎದೆ ಉಬ್ಬುತ್ತದೆ. ಆದರೆ ಪ್ರಮಾಣವಚನ ಅರ್ಧ ನಿಮಿಷದ ಮಾತು, ಶಾಸಕನ ಅವಧಿ ಐದು ವರ್ಷ. ಆ ಐದು ವರ್ಷದಲ್ಲಿ ಸದನದಲ್ಲಿ ಯಾವ ಪ್ರಶ್ನೆ ಕೇಳಿದರು, ಮಂತ್ರಿಗಳು ಏನು ಉತ್ತರ ಕೊಟ್ಟರು ಅನ್ನುವುದು ಕೇರಳ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ. ನಮ್ಮಲ್ಲಿ ಎಷ್ಟು ಜನ ಅದನ್ನು ತೆರೆದು ನೋಡಿದ್ದೇವೆ? ಇದು ಅವರ ಮೇಲಿನ ದೂರು ಅಲ್ಲ. ಒಳ್ಳೆಯ ಪ್ರಶ್ನೆ ಕೇಳಿದ್ದರೆ ಅದೂ ನಮಗೆ ಗೊತ್ತಿಲ್ಲ ಅಂತ ನಾನು ಹೇಳುವುದು. ಹೀಗಾದರೆ ಕೆಲಸ ಮಾಡಿದವರಿಗೆ ನಮ್ಮಿಂದ ಲಾಭ ಇಲ್ಲ, ಮಾಡದವರಿಗೆ ನಷ್ಟವೂ ಇಲ್ಲ. ಮತ್ತೆ ಯಾರು ಯಾಕೆ ರಾತ್ರಿ ಕೂತು ಫೈಲು ಓದಬೇಕು?

ನಾವೇ ಅವರಿಗೆ ಪುರುಸೊತ್ತು ಕೊಡುವುದಿಲ್ಲ ಅನ್ನುವುದು ಇನ್ನೊಂದು. ಮದುವೆ ಸೀಸನಿನಲ್ಲಿ ಒಬ್ಬ ಜನಪ್ರತಿನಿಧಿಯ ದಿನ ಹೇಗಿರುತ್ತದೆ ಅಂತ ಯೋಚಿಸಿ. ಬೆಳಿಗ್ಗೆ ಗೃಹಪ್ರವೇಶ, ಮಧ್ಯಾಹ್ನ ಎರಡು ಮದುವೆ, ಸಂಜೆ ಕ್ಲಬ್ಬಿನ ವಾರ್ಷಿಕೋತ್ಸವ, ರಾತ್ರಿ ಒಂದು ಕಡೆ ಕೋಲ, ಒಂದು ಕಡೆ ಉರೂಸ್, ಇನ್ನೊಂದು ಕಡೆ ಯಕ್ಷಗಾನದ ಸಭಾ ಕಾರ್ಯಕ್ರಮ. ಬಾರದಿದ್ದರೆ ನಾವು ಮುನಿಸಿಕೊಳ್ಳುತ್ತೇವೆ. ‘ಗೆದ್ದ ಮೇಲೆ ಮುಖವೇ ಇಲ್ಲ’ ಅನ್ನುತ್ತೇವೆ. ಇಲ್ಲಿಂದ ತಿರುವನಂತಪುರಕ್ಕೆ ಸುಮಾರು 570 ಕಿಲೋಮೀಟರ್. ಅಲ್ಲಿ ಹೋಗಿ ಸೆಕ್ರೆಟೇರಿಯಟ್‌ನಲ್ಲಿ ಎರಡು ದಿನ ಒಂದು ಫೈಲಿನ ಹಿಂದೆ ಬಿದ್ದವನು ಇಲ್ಲಿ ಎರಡು ಮದುವೆ ತಪ್ಪಿಸಿಕೊಂಡಿರುತ್ತಾನೆ. ನಮ್ಮ ಲೆಕ್ಕದಲ್ಲಿ ಅವನು ಫೇಲು.

ನಮ್ಮ ತೋಟದಲ್ಲಿ ನಾವು ಹೀಗೆ ಮಾಡುವುದಿಲ್ಲ ನೋಡಿ. ಮಳೆಗಾಲದ ಮೊದಲು ಅಡಿಕೆಗೆ ಮದ್ದು ಬಿಡಲು ಜನ ಕರೆಯುವಾಗ ನಾವು ಎಂತ ಕೇಳುತ್ತೇವೆ? ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್, ಈ ಅಳತೆ ಗೊತ್ತುಂಟಾ? ಸುಣ್ಣ ಕಮ್ಮಿಯಾಗಿದೆಯಾ ಅಂತ ಕಬ್ಬಿಣದ ಕತ್ತಿ ಮುಳುಗಿಸಿ ನೋಡುತ್ತಾನಾ? ಗೊನೆಯ ಒಳಗೆ ಹೋಗುವ ಹಾಗೆ ಬಿಡುತ್ತಾನಾ, ಸುಮ್ನೆ ಸೋಗೆ ಒದ್ದೆ ಮಾಡಿ ಇಳಿಯುತ್ತಾನಾ? ಹೋದ ವರ್ಷ ಯಾರ ತೋಟಕ್ಕೆ ಬಿಟ್ಟಿದ್ದ, ಅಲ್ಲಿ ಕೊಳೆರೋಗ ಬಂತಾ? ಮಾತು ಚೆಂದ ಅಂತ ಯಾರೂ ಮರ ಹತ್ತಿಸುವುದಿಲ್ಲ. ಹತ್ತುವವನು ನಮ್ಮ ಊರಿನವನೇ ಆದರೆ ಸಂತೋಷ, ಕರೆದಾಗ ಬೇಗ ಬರುತ್ತಾನೆ, ತೋಟದ ಮೂಲೆ ಮೂಲೆ ಗೊತ್ತಿರುತ್ತದೆ. ಆದರೆ ಆ ಸಂತೋಷ ಬರುವುದು ಅಳತೆ ಗೊತ್ತಿದ್ದ ಮೇಲೆ. ಒಂದು ವರ್ಷದ ಫಸಲಿಗೆ ಇಷ್ಟು ಜಾಗ್ರತೆ ಮಾಡುವವರು ಐದು ವರ್ಷದ ಓಟಿಗೆ ಇದರ ಕಾಲು ಭಾಗವೂ ವಿಚಾರಿಸುವುದಿಲ್ಲ.

2020ರ ಮಾರ್ಚ್ ಕೊನೆ ನಿಮಗೆ ನೆನಪಿರಬೇಕು. ಕೋವಿಡ್ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿದರು. ಒಳದಾರಿಗಳಿಗೆ ಮಣ್ಣು ಸುರಿದರು. ಕಾಸರಗೋಡಿನಿಂದ ಮಂಗಳೂರು ಐವತ್ತು ಕಿಲೋಮೀಟರ್ ಅಷ್ಟೇ, ಹೆರಿಗೆಯಿಂದ ಹೃದಯದ ಕಾಯಿಲೆಯವರೆಗೆ ನಮಗೆ ಅದೇ ದಾರಿ. ಆಂಬುಲೆನ್ಸುಗಳು ಗಡಿಯಿಂದ ವಾಪಸ್ಸಾದವು. ಚಿಕಿತ್ಸೆ ಸಿಗದೆ ಜನ ತೀರಿಹೋದರು. ಕೇರಳ ಹೈಕೋರ್ಟು ಏಪ್ರಿಲ್ 1ಕ್ಕೆ ಆದೇಶ ಕೊಡಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿ ಮುಚ್ಚಿದ ಸರ್ಕಾರ ಕನ್ನಡದ್ದೇ. ನಾವು ಅರುವತ್ತು ವರ್ಷ ‘ನಮ್ಮವರು’ ಅಂತ ಯಾರ ಕಡೆ ನೋಡಿದೆವೋ ಅವರದ್ದೇ. ಭಾಷೆ ಒಂದಾದ ಮಾತ್ರಕ್ಕೆ ದಾರಿ ತೆರೆಯಲಿಲ್ಲ. ನಮಗೆ ಆವತ್ತು ಬೇಕಾಗಿದ್ದದ್ದು ಹತ್ತಿರದಲ್ಲೇ ಒಂದು ದೊಡ್ಡ ಆಸ್ಪತ್ರೆ.

ಅದು ಇರಲಿಲ್ಲವಾ? ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರ್‌ನಲ್ಲೇ ಶಿಲಾನ್ಯಾಸ ಆಗಿತ್ತು. ಜಿಲ್ಲೆ ಹಿಂದುಳಿದಿದೆ, ಇಂಥಿಂಥದ್ದು ಬೇಕು ಅಂತ ಪ್ರಭಾಕರನ್ ಆಯೋಗ 2012ರಲ್ಲೇ ವರದಿ ಕೊಟ್ಟಿತ್ತು. ಆರು ವರ್ಷ ದಾಟಿದರೂ ಅದು ಆಸ್ಪತ್ರೆಯಾಗಿರಲಿಲ್ಲ. ಗಡಿ ಮುಚ್ಚಿದ ಮೇಲೆ ಅವಸರದಲ್ಲಿ ಆ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ಎಂಬಿಬಿಎಸ್ ಸೀಟಿಗೆ ಅನುಮತಿ ಸಿಗುವಾಗ 2025 ಆಯಿತು. ಈ ನಡುವೆ ಎಷ್ಟು ಚುನಾವಣೆ ಬಂತು, ಹೋಯಿತು. ಶಿಲಾನ್ಯಾಸದ ದಿನ ವೇದಿಕೆಯಲ್ಲಿ ಯಾರಿದ್ದರು, ಯಾರನ್ನು ಕರೆಯಲಿಲ್ಲ ಅಂತ ನಾವು ಜಗಳ ಮಾಡಿದ್ದೇವೆ. ಟೆಂಡರ್ ಎಲ್ಲಿ ನಿಂತಿದೆ, ಹುದ್ದೆಗಳಿಗೆ ಮಂಜೂರಾತಿ ಯಾವಾಗ ಅಂತ ಒಬ್ಬ ಅಭ್ಯರ್ಥಿಯನ್ನೂ ಜಗಲಿಯಲ್ಲಿ ಕೂರಿಸಿ ಕೇಳಿದವರನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ಹಾಗಾದರೆ ಪರಿಣತರನ್ನೇ ಗೆಲ್ಲಿಸುವ, ಅವರೇ ನೋಡಿಕೊಳ್ಳಲಿ’ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದವರು ದಡ್ಡರಲ್ಲ. ಎಲ್ಲ ಓದಿದವರೇ, ಎಲ್ಲ ಅಧಿಕಾರಿಗಳೇ. ಕೆಳಗೆ ಮನೆ ಉಂಟು, ಬಾವಿ ಉಂಟು, ಅದರ ನೀರನ್ನೇ ಜನ ಕುಡಿಯುತ್ತಾರೆ ಅನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ಅದನ್ನು ಲೆಕ್ಕಕ್ಕೆ ತಂದದ್ದು ನಮ್ಮ ಪಂಚಾಯತಿನ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟು ವಿಚಿತ್ರ ಕಾಯಿಲೆ ಯಾಕೆ ಅಂತ ಅವರು ಕೇಳತೊಡಗಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಅತ್ತ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಆ ವಿಷವನ್ನು ನಿಷೇಧಿಸಿತು.

ಈ ಮೂವರೂ ನಮ್ಮ ಮಧ್ಯೆ ಇದ್ದವರು. ಹತ್ತಿರ ಇದ್ದದ್ದರಿಂದಲೇ ಅವರಿಗೆ ಕಂಡಿತು. ಆದರೆ ಹತ್ತಿರ ಇದ್ದವರು ಸಾವಿರಾರು ಜನ, ಕಂಡದ್ದನ್ನು ದಾಖಲೆ ಮಾಡಿ, ಸರಿಯಾದ ಬಾಗಿಲು ಹುಡುಕಿ, ವರ್ಷಗಟ್ಟಲೆ ತಟ್ಟಿದವರು ಕೆಲವರೇ. ನನಗೆ ಬೇಕಾದ ಅಭ್ಯರ್ಥಿ ಈ ಜಾತಿಯವನು. ಕ್ಷಮಿಸಿ, ಜಾತಿ ಅಂದ ಕೂಡಲೇ ನಮ್ಮಲ್ಲಿ ಬೇರೆ ಲೆಕ್ಕ ಶುರುವಾಗುತ್ತದೆ. ಈ ಬಗೆಯವನು ಅಂತ ಓದಿಕೊಳ್ಳಿ.

ವಿಷ ನಿಂತ ಮೇಲೂ ಕತೆ ಮುಗಿಯಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2022ರಲ್ಲಿ ಅದೇ ಕೋರ್ಟು ಸರ್ಕಾರವನ್ನು ಇನ್ನೊಮ್ಮೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಆ ಐದು ವರ್ಷದಲ್ಲಿ ನಮ್ಮ ಬಳಿ ಬಂದು ಕಣ್ಣೀರು ಹಾಕದ ಪಕ್ಷ ಇಲ್ಲ.

ಕರಾವಳಿಯ ಅಡಿಕೆ ಬೆಳೆಗಾರರಿಗೆ ಇನ್ನೊಂದು ಉದಾಹರಣೆಯೂ ಗೊತ್ತು. ಅಡಿಕೆ ರೇಟು ನೆಲ ಕಚ್ಚಿದಾಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಟ್ಟುಮಾಡಿ, ಕರ್ನಾಟಕ, ಕೇರಳ ಎರಡೂ ಸರ್ಕಾರಗಳನ್ನು ಒಂದು ಮೇಜಿಗೆ ತಂದು 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದರು. ಅವರು ನಮ್ಮವರೇ. ಆದರೆ ಸಂಸ್ಥೆ ನಿಂತದ್ದು ಅವರಿಗೆ ಸಹಕಾರದ ನಿಯಮ, ಮಾರುಕಟ್ಟೆ, ಲೆಕ್ಕಪತ್ರ ಗೊತ್ತಿದ್ದದ್ದರಿಂದ. ಗಡಿಯ ಎರಡೂ ಬದಿಗೆ ಕೆಲಸಕ್ಕೆ ಬರುವ ಇನ್ನೊಂದು ಇಂಥ ಸಂಸ್ಥೆ ಆಮೇಲೆ ಯಾಕೆ ಹುಟ್ಟಲಿಲ್ಲ ಅಂತ ನಾನು ಆಗಾಗ ಯೋಚಿಸುತ್ತೇನೆ.

ಈಗ ಶಾಲೆಯ ವಿಷಯ. ನಮಗೆ ಇದು ಹೊಟ್ಟೆಗೆ ತಾಗುವ ವಿಷಯ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದ ಪ್ರಸಂಗ ಒಂದೆರಡಲ್ಲ. ಪ್ರತಿ ಸಲ ಪೋಷಕರು ಗೇಟಿನ ಎದುರು ಕೂರುತ್ತಾರೆ, ನಾಯಕರು ಬಂದು ಜೊತೆಯಲ್ಲಿ ಕೂರುತ್ತಾರೆ, ಫೋಟೊ ಬರುತ್ತದೆ. ಜೊತೆಗೆ ಕೂತವರ ಮೇಲೆ ನಮಗೆ ಪ್ರೀತಿ ಹುಟ್ಟುತ್ತದೆ. ಆದರೆ ಆ ನೇಮಕ ಗೇಟಿನಲ್ಲಿ ಆದದ್ದಲ್ಲ. ಪಿಎಸ್‌ಸಿ (ಲೋಕಸೇವಾ ಆಯೋಗ) ಅಧಿಸೂಚನೆಯಲ್ಲಿ ಅರ್ಹತೆ ಹೇಗೆ ಬರೆದಿದ್ದಾರೆ, ಇಲಾಖೆ ಖಾಲಿ ಹುದ್ದೆಯನ್ನು ಯಾವಾಗ ವರದಿ ಮಾಡಿತು, ಕನ್ನಡ ಬರುತ್ತದೆ ಅಂತ ಪರೀಕ್ಷಿಸಿದವರು ಯಾರು, ರ‍್ಯಾಂಕ್ ಪಟ್ಟಿಯ ಅವಧಿ ಎಂದು ಮುಗಿಯುತ್ತದೆ, ಅಲ್ಲೆಲ್ಲ ಆದದ್ದು. ಇದು ಬೇಸರದ ಕೆಲಸ. ಇದಕ್ಕೆ ಫೋಟೊ ಇಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗಲೂ ಹಾಗೆಯೇ. ಬೀದಿಯಲ್ಲಿ ನಾವು ಜೋರಾಗಿಯೇ ಇದ್ದೆವು. ಕಾನೂನಿನ ಯಾವ ಸಾಲಿಗೆ ಯಾವ ತಿದ್ದುಪಡಿ ಬೇಕು, ಸಂವಿಧಾನದ 350ಎ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಏನು ಹೇಳಿದೆ, ಇದನ್ನು ಹಿಡಿದು ಸದನದಲ್ಲಿ ಗಂಟೆಗಟ್ಟಲೆ ವಾದಿಸುವವರು ಬೇಕಾಗಿತ್ತು.

ಅದಕ್ಕೆ ಮಲಯಾಳವೂ ಚೆನ್ನಾಗಿ ಬರಬೇಕು. ಇದನ್ನು ಬರೆದರೆ ಕೆಲವರಿಗೆ ಸಿಟ್ಟು ಬರಬಹುದು, ಆದರೂ ಬರೆಯುತ್ತೇನೆ. ಸಂವಿಧಾನದ 210ನೇ ವಿಧಿಯ ಪ್ರಕಾರ ಸದನದಲ್ಲಿ ಮಾತೃಭಾಷೆಯಲ್ಲಿ ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬಹುದು, ನಿಜ. ಮಾತಾಡಲಿ. ಆದರೆ ಆದೇಶ ಬರುವುದು ಮಲಯಾಳದಲ್ಲಿ, ಕಡತ ನಡೆಯುವುದು ಮಲಯಾಳದಲ್ಲಿ. ಕನ್ನಡದವರ ಕೆಲಸ ಮಾಡಿಸಿಕೊಡುವವನು ನಮ್ಮ ಮಾತನ್ನು ಕನ್ನಡದಲ್ಲಿ ಕೇಳಿಸಿಕೊಳ್ಳಬೇಕು, ಅವರ ಆದೇಶವನ್ನು ಮಲಯಾಳದಲ್ಲಿ ಓದಿ ಅದರ ಬಾಲ ಹಿಡಿಯಬೇಕು.

ನಾಮಪತ್ರದ ಜೊತೆ ಅಭ್ಯರ್ಥಿ ಸಲ್ಲಿಸುವ ಅಫಿಡವಿಟ್ಟನ್ನು ಚುನಾವಣಾ ಆಯೋಗ ಎಲ್ಲರಿಗೂ ತೋರಿಸುತ್ತದೆ. ‘ನೋ ಯುವರ್ ಕ್ಯಾಂಡಿಡೇಟ್’ (ನಿಮ್ಮ ಅಭ್ಯರ್ಥಿಯನ್ನು ತಿಳಿಯಿರಿ) ಅನ್ನುವ ಹೆಸರಿನಲ್ಲಿ ಮೊಬೈಲಿನಲ್ಲೂ ನೋಡಬಹುದು. ಕೇಸು, ಆಸ್ತಿ, ಸಾಲ, ಓದು ಎಲ್ಲ ಅದರಲ್ಲಿ ಸಿಗುತ್ತದೆ. ಮಾಡಿದ ಕೆಲಸ ಮಾತ್ರ ಅದರಲ್ಲಿ ಇರುವುದಿಲ್ಲ, ಅದನ್ನು ನಾವೇ ಕೇಳಬೇಕು. ಪಂಚಾಯತಿಗೆ ನಿಂತವರನ್ನು ಅಳೆಯುವುದು ಇನ್ನೂ ಸುಲಭ. ಕೇರಳದ ಕಾನೂನಿನಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು, ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಬರಬೇಕು. ಅದನ್ನು ಕರೆಯಬೇಕಾದವರು ವಾರ್ಡ್ ಮೆಂಬರ್. ಕರೆದರಾ, ಜನ ನಿಜವಾಗಿ ಬಂದರಾ, ಮನೆ ಮನೆಗೆ ಪುಸ್ತಕ ಕಳುಹಿಸಿ ಸಹಿ ಹಾಕಿಸಿಕೊಂಡರಾ? ನಮ್ಮಲ್ಲಿ ಸಹಿ ಹಾಕಿದವರೂ ಇದ್ದಾರೆ, ಆ ಸಂಗತಿ ಈಗ ಬೇಡ.

ಕೊನೆಗೆ ನಮ್ಮ ಜಗಲಿಗೆ ಬರಲಿರುವ ಅಭ್ಯರ್ಥಿಗಳಿಗೂ ಇಲ್ಲೇ ಹೇಳಿಬಿಡುತ್ತೇನೆ. ಬನ್ನಿ, ಚಾ ಉಂಟು. ಮನೆಯವರ ಆರೋಗ್ಯ ವಿಚಾರಿಸಿ, ನನಗೂ ಸಂತೋಷವೇ. ಅದಾದ ಮೇಲೆ ಎರಡು ಪ್ರಶ್ನೆ. ಇದುವರೆಗೆ ನೀವು ಹಿಂದೆ ಬಿದ್ದು ಮುಗಿಸಿದ ಒಂದು ಕೆಲಸ ಹೇಳಿ, ಯಾವ ಆಫೀಸಿನಲ್ಲಿ ತಡೆಯಾಗಿತ್ತು, ಹೇಗೆ ಬಿಡಿಸಿದಿರಿ ಅಂತ. ಆಮೇಲೆ ಉಕ್ಕಿನಡ್ಕದ ಆಸ್ಪತ್ರೆಯಲ್ಲಿ ಈಗ ಯಾವ ವಿಭಾಗಕ್ಕೆ ಡಾಕ್ಟ್ರು ಇಲ್ಲ, ಆ ಹುದ್ದೆಯ ಫೈಲು ಯಾರ ಮೇಜಿನ ಮೇಲೆ ಉಂಟು ಅಂತ ತಿಳಿದುಕೊಂಡು ಬನ್ನಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಒಂದು ವಾರ ಬಿಟ್ಟು ಉತ್ತರ ತಂದರೂ ಆಗುತ್ತದೆ. ಕನ್ನಡದಲ್ಲಿ ಹೇಳಿದರೆ ಒಳ್ಳೆಯದು. ಮಲಯಾಳದಲ್ಲಿ ಹೇಳಿದರೂ ಬರೆದಿಟ್ಟುಕೊಂಡು ಪಕ್ಕದ ಮನೆಯವರಿಗೆ ಓದಿ ಹೇಳುತ್ತೇನೆ.

ಇಂತಿ,
ಪೆರ್ಲದ ಒಬ್ಬ ಮತದಾರ